ಮಳೆಗಾಲ ಕಳೆದು ಸ್ಟಾರ್ಟ್ ಆಗದ ಬೈಕ್: ಪೆಟ್ರೋಲ್ ಎಲ್ಲಿ ತಡೆದಿದೆ ಎಂದು ಹುಡುಕುವ ಕ್ರಮ

ಆಯುಧಪೂಜೆಗೆ ತೊಳೆಯಲೆಂದು ಬೈಕಿನ ಮೇಲಿನ ತಾಡಪತ್ರಿ ಸರಿಸಿದ ದಿನವೇ ಮುಂಬೈ ಆಸುಪಾಸಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಜನರಿಗೆ ಈ ತೊಂದರೆ ಗೊತ್ತಾಗುವುದು. ಜೂನಿನಲ್ಲಿ ಮಳೆ ಹಿಡಿಯುತ್ತಲೇ ಗಾಡಿಯನ್ನು ಸೊಸೈಟಿಯ ಮೂಲೆಗೆ ತಳ್ಳಿ ಲೋಕಲ್ ಟ್ರೇನ್ ಹತ್ತಿದವರು, ಊರಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದವರು, ಎಲ್ಲರದೂ ಒಂದೇ ಮಾತು: ಸೆಲ್ಫ್ ತಿರುಗುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಹಳೆಯ ಗಾಡಿಯಾದರೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರ್ ಬಿಚ್ಚುತ್ತಾರೆ, ಹೊಸದಾದರೆ ಟ್ಯಾಂಕಿನೊಳಗಿನ ಪಂಪ್ ಹೋಗಿದೆ ಅನ್ನುತ್ತಾರೆ. ಎರಡೂ ಕೆಲವೊಮ್ಮೆ ನಿಜವೇ. ಆದರೆ ನೋಡಿ ಹೇಳಿದ್ದಲ್ಲ.

ಬಿಲ್ಡಿಂಗಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾರೂ ಮೊದಲು ನಲ್ಲಿ ಒಡೆಯುವುದಿಲ್ಲ. ಮೇಲಿನ ಟಾಕಿ ತುಂಬಿದೆಯೇ, ವಾಲ್ವ್ ತೆರೆದಿದೆಯೇ ನೋಡುತ್ತಾರೆ. ಇಲ್ಲೂ ಅದೇ ಕ್ರಮ. ಪೆಟ್ರೋಲ್ ಟ್ಯಾಂಕಿನಿಂದ ಹೊರಟು ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ತಲುಪುವವರೆಗೆ ಒಂದೊಂದೇ ಕಟ್ಟೆಯಲ್ಲಿ ನಿಂತು "ಇಲ್ಲಿಯವರೆಗೆ ಬಂತೇ?" ಎಂದು ಕೇಳುತ್ತ ಹೋಗಬೇಕು. ಎಲ್ಲಿ "ಇಲ್ಲ" ಎಂಬ ಉತ್ತರ ಸಿಗುತ್ತದೋ ಅಲ್ಲಿ ಮಾತ್ರ ಸ್ಪ್ಯಾನರ್ ಹಾಕಬೇಕು.

ಕೆಲಸಕ್ಕೆ ಕೂರುವ ಮೊದಲು ಜಾಗ ನೋಡಿಕೊಳ್ಳಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಡುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಈ ಕೆಲಸ ಬೇಡವೇ ಬೇಡ. ಗಾಡಿಯನ್ನು ಬಯಲಿಗೆ ತಳ್ಳಿ, ಎಂಜಿನ್ ತಣ್ಣಗಿರಲಿ, ಬೀಡಿ ಸೇದುತ್ತ ನೋಡಲು ಬರುವ ವಾಚ್‌ಮನ್‌ನನ್ನು ನಯವಾಗಿ ದೂರ ಕಳಿಸಿ.

ಮೊದಲು ತೊಂದರೆ ಪೆಟ್ರೋಲಿನದೇ ಎಂದು ಖಚಿತವಾಗಲಿ

ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಬ್ಯಾಟರಿ ಇಳಿದಿರುವುದು ಸಾಮಾನ್ಯ. ಮಲ್ಟಿಮೀಟರ್ ಇದ್ದರೆ ನೋಡಿ: ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6ರ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು. ಎಫ್‌ಐ ಗಾಡಿಗೆ, ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಗಾಡಿಗೆ, ಇದು ಇನ್ನೂ ಮುಖ್ಯ. ಅದರ ಪೆಟ್ರೋಲ್ ಪಂಪ್ ಕೂಡ ಬ್ಯಾಟರಿಯ ಮೇಲೇ ಬದುಕುತ್ತದೆ. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿದಿರಾ? ನಗಬೇಡಿ, ಮಕ್ಕಳು ಗಾಡಿಯ ಮೇಲೆ ಕೂತು ಆಡುವ ಸೊಸೈಟಿಗಳಲ್ಲಿ ಕೆಂಪು ಸ್ವಿಚ್ ಆಫ್ ಆಗಿಯೇ ಇರುತ್ತದೆ.

ಈಗ ಪ್ಲಗ್. ಕಾರ್ಬೊರೇಟರ್ ಗಾಡಿಯಾದರೆ ಕಿಕ್ ಹೊಡೆಯುವ ಮೊದಲು ಆಯಿಲ್ ಕಡ್ಡಿ ಎಳೆದು ಮೂಸಿ, ಕಾರಣ ಮುಂದೆ ಕಾರ್ಬೊರೇಟರ್ ಭಾಗದಲ್ಲಿದೆ. ಏಳೆಂಟು ಸಲ ಕಿಕ್ ಹೊಡೆದ ಕೂಡಲೇ ಪ್ಲಗ್ ಬಿಚ್ಚಿ ನೋಡಿ, ಮೂಸಿ. ಇಡೀ ಪರೀಕ್ಷೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ತಿಳಿಸುವುದು ಇನ್ನೊಂದಿಲ್ಲ. ಪ್ಲಗ್ಗಿನ ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಅಲ್ಲಿಯವರೆಗೆ ಬಂದಿದೆ. ತೊಂದರೆ ಸ್ಪಾರ್ಕಿನದು, ಇಲ್ಲವೇ ಪೆಟ್ರೋಲ್ ಅತಿಯಾಗಿ ಬಂದು ಎಂಜಿನ್ ಉಸಿರುಗಟ್ಟಿದೆ, ಅದೂ ಅಲ್ಲದಿದ್ದರೆ ಬಂದದ್ದು ಹತ್ತಿಕೊಳ್ಳದ ಹಳೇ ಪೆಟ್ರೋಲ್. ಒರೆಸಿ ಒಣಗಿಸಿ, ಕಾರ್ಬೊರೇಟರ್ ಗಾಡಿಯಾದರೆ ಚೋಕ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿಟ್ಟು ಕಿಕ್ ಹೊಡೆದರೆ ಹೆಚ್ಚಿನ ಪೆಟ್ರೋಲ್ ಹೊರಗೆ ಹೋಗುತ್ತದೆ. ಪ್ಲಗ್ ಒಣಕಲಾಗಿದ್ದರೆ ಪೆಟ್ರೋಲ್ ದಾರಿಯಲ್ಲಿ ಎಲ್ಲೋ ನಿಂತಿದೆ. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಆ ಒಣ ಪ್ಲಗ್ಗಿನ ಕಥೆ.

ಟ್ಯಾಂಕಿನೊಳಗೆ ಇರುವುದು ಏನು?

ಪಕ್ಕದ ಬಿಲ್ಡಿಂಗಿನಲ್ಲಿ ಇರುವ ವಿಜಯಪುರ ಕಡೆಯ ಹುಡುಗ ಒಮ್ಮೆ ಬಂದ.

"ಕಾಕಾ, ಗಾಡಿ ಹಿಡಿಯಾಕ ಒಲ್ಲದ್ರಿ. ಪೆಟ್ರೋಲ್ ಅರ್ಧ ಟಾಕಿ ಐತಿ, ಮುಳ್ಳ ತೋರಸ್ತದ."

"ಮುಚ್ಚಳಾ ತಗದು ನೋಡೀಯೇನೋ?"

"ಇಲ್ರಿ."

ತೆಗೆದು ನೋಡಿದರೆ ತಳದಲ್ಲಿ ಅಂಗೈ ತೋಯುವಷ್ಟು. ಬಹಳ ದಿನ ನಿಂತ ಗಾಡಿಯಲ್ಲಿ ಮೀಟರಿಗೆ ಮಟ್ಟ ತಿಳಿಸುವ, ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಅಂಟಿಕೊಂಡು ಹಳೇ ಲೆಕ್ಕವನ್ನೇ ಹೇಳುತ್ತಿರುತ್ತದೆ. ಹಾಗಾಗಿ ಮುಳ್ಳನ್ನು ನಂಬಬೇಡಿ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಕಣ್ಣಾರೆ ನೋಡಿ. ಲೈಟರ್ ಹಚ್ಚಿ ನೋಡುವ ಧೀರರೂ ಇದ್ದಾರೆ, ಅದಕ್ಕೇ ಟಾರ್ಚ್ ಎಂದು ಬರೆಯಬೇಕಾಯಿತು.

ಇದ್ದ ಪೆಟ್ರೋಲ್ ಎಂಥದು ಎನ್ನುವುದು ಮುಂದಿನ ಪ್ರಶ್ನೆ. ಪೆಟ್ರೋಲ್ ಒಂದೇ ವಸ್ತುವಲ್ಲ, ಹಗುರವಾದವು, ಭಾರವಾದವು ಸೇರಿದ ಮಿಶ್ರಣ. ಚಳಿ ಎಂಜಿನ್ ಹಿಡಿಯಲು ಬೇಕಾದ್ದು ಬೇಗ ಆವಿಯಾಗುವ ಹಗುರ ಭಾಗ. ನಿಂತ ಗಾಡಿಯಲ್ಲಿ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯೊಂದಿಗೆ ಬೆರೆತು ನಿಧಾನವಾಗಿ ಅಂಟಾಗುತ್ತದೆ. ಬಣ್ಣದ ಅಂಗಡಿಯ ವಾರ್ನಿಶ್ ವಾಸನೆ ಬಂದರೆ ಅದು ಮುಗಿದ ಪೆಟ್ರೋಲ್.

ಮುಂಬೈಗೆ ಇನ್ನೊಂದು ತೊಡಕು ಇದೆ. ಈಗ ಪೆಟ್ರೋಲ್ ಬಂಕಿನಲ್ಲಿ ನಾವು ತುಂಬಿಸುವುದು ಹೆಚ್ಚಾಗಿ ಇ20, ಅಂದರೆ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆಸಿದ್ದು. ಎಥನಾಲಿಗೆ ನೀರೆಂದರೆ ಇಷ್ಟ. ಮಳೆಗಾಲದ ತೇವದ ಗಾಳಿಯಿಂದಲೂ ಎಳೆದುಕೊಳ್ಳುತ್ತದೆ. ಸ್ವಲ್ಪ ನೀರನ್ನು ಅದು ತನ್ನಲ್ಲೇ ಕರಗಿಸಿ ಇಟ್ಟುಕೊಳ್ಳುತ್ತದೆ, ತೊಂದರೆಯಿಲ್ಲ. ಮಿತಿ ಮೀರಿತೋ, ನೀರೂ ಎಥನಾಲೂ ಕೈಹಿಡಿದುಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ತಳದಿಂದಲೇ. ಅಂದರೆ ಟ್ಯಾಂಕ್ ಮುಕ್ಕಾಲು ತುಂಬಿದ್ದರೂ ಎಂಜಿನ್ನಿಗೆ ಸಿಗುತ್ತಿರುವುದು ಹತ್ತದ ದ್ರವ.

ಗಾಳಿಯ ತೇವಕ್ಕಿಂತ ದೊಡ್ಡ ಕಳ್ಳದಾರಿ ಮುಚ್ಚಳದ ಸುತ್ತಲಿನ ತಗ್ಗು. ಟ್ಯಾಂಕಿಗೆ ಸಮನಾಗಿ ಕೂರುವ ಮುಚ್ಚಳದ ಬೈಕುಗಳಲ್ಲಿ ಆ ತಗ್ಗಿಗೆ ಬಿದ್ದ ಮಳೆನೀರು ಹೊರಹೋಗಲು ಸಣ್ಣ ರಂಧ್ರ, ಅದಕ್ಕೆ ಕೆಳಗಿನವರೆಗೆ ಒಂದು ಪೈಪ್ ಇರುತ್ತದೆ. ಧೂಳು, ಎಲೆ ಸೇರಿ ಆ ರಂಧ್ರ ಮುಚ್ಚಿದರೆ ನೀರು ಮುಚ್ಚಳದ ಸುತ್ತ ನಿಂತು, ಸವೆದ ರಬ್ಬರಿನ ಸಂದಿಯಿಂದ ಒಳಗೆ ಜಿನುಗುತ್ತದೆ. ತಾಡಪತ್ರಿ ಹರಿದ ಗಾಡಿಗಳಲ್ಲಿ ಇದನ್ನು ಮೊದಲು ನೋಡಿ: ತಗ್ಗಿಗೆ ಒಂದು ಚಮಚ ನೀರು ಬಿಟ್ಟರೆ, ಮುಚ್ಚಳ ಹಾಕಿಕೊಂಡೇ ಬಿಡಿ ಮತ್ತೆ, ಅದು ಎಂಜಿನ್ ಕೆಳಗೆ ತೊಟ್ಟಿಕ್ಕಬೇಕು.

ನೀರಿದೆಯೇ ಎಂದು ತಿಳಿಯಲು ತಳದ ಪೆಟ್ರೋಲನ್ನು ಪಾರದರ್ಶಕ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ನಡುವೆ ಗೆರೆ ಎಳೆದಂತೆ ಎರಡು ಪದರ ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡುವುದೊಂದೇ ದಾರಿ. ಮೇಲೆ ಹೊಸ ಪೆಟ್ರೋಲ್ ಸುರಿದು ಸರಿಮಾಡಲು ಹೋಗಬೇಡಿ, ತಳದ ನೀರು ತಳದಲ್ಲೇ ಇರುತ್ತದೆ. ಪದರ ಇಲ್ಲದೆ ಬರೀ ಹಳತಾಗಿದ್ದರೆ, ಸ್ವಲ್ಪವೇ ಉಳಿದಿದ್ದರೆ, ಟ್ಯಾಂಕ್ ತುಂಬ ಹೊಸದು ಬೆರೆಸಿ ಓಡಿಸಬಹುದು. ತೆಗೆದ ಪೆಟ್ರೋಲನ್ನು ಗಟಾರಕ್ಕೆ ಚೆಲ್ಲಬೇಡಿ; ಮುಚ್ಚಳವಿರುವ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಟ್ಟರೆ ಚೈನ್, ಬೇರಿಂಗ್ ತೊಳೆಯಲು ಇಟ್ಟುಕೊಳ್ಳುತ್ತಾರೆ.

ತುಕ್ಕಿನ ಮಾತೂ ಇಲ್ಲೇ ಆಗಿಬಿಡಲಿ. ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯುವುದು ಪೆಟ್ರೋಲ್ ಇರುವಲ್ಲಿ ಅಲ್ಲ, ಅದರ ಮೇಲಿನ ಖಾಲಿ ಗೋಡೆಯಲ್ಲಿ. ನೀರು ಇಳಿದಿದ್ದರೆ ತಳದಲ್ಲೂ. ಗೋವಾದ ವಾಸ್ಕೊದಲ್ಲಿ ಸಮುದ್ರದ ಹತ್ತಿರ ನಿಲ್ಲಿಸಿದ ಗಾಡಿಗಳ ಹೊರಮೈಗೆ ಉಪ್ಪುಗಾಳಿ ಮಾಡುವ ಹಾನಿ ಎಲ್ಲರಿಗೂ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಪುಣೆಯ ಒಣ ಹವೆಯಲ್ಲಿ ಅಷ್ಟು ಕಾಟವಿಲ್ಲ. ಕಂದು ಪುಡಿ ತೆಳ್ಳಗೆ ಇದ್ದರೆ ಟ್ಯಾಂಕ್ ಇಳಿಸಿ, ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ಅಥವಾ ಪಂಪ್ ಬಿಚ್ಚಿ ತೂತು ಮುಚ್ಚಿ, ಬೆಚ್ಚಗಿನ ನೀರಿಗೆ ಲೀಟರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಒಂದು ರಾತ್ರಿ ಇಡಬಹುದು. ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಬೇಗ ಪೂರ್ತಿ ಒಣಗಿಸಿ, ಕೂಡಲೇ ಸ್ವಲ್ಪ ಎಂಜಿನ್ ಆಯಿಲ್ ಬೆರೆತ ಪೆಟ್ರೋಲ್ ಒಳಗೆಲ್ಲ ಓಡಾಡಿಸಬೇಕು. ತಡಮಾಡಿದರೆ ಬೆಳ್ಳಗಾದ ಲೋಹಕ್ಕೆ ಮತ್ತೆ ತುಕ್ಕು ಏರುತ್ತದೆ. ಹಪ್ಪಳೆ ಹಪ್ಪಳೆಯಾಗಿ ಏಳುತ್ತಿದ್ದರೆ ಟ್ಯಾಂಕ್ ಬದಲಿಸುವುದೇ ವಾಸಿ ಎಂದು ನನ್ನ ಅಭಿಪ್ರಾಯ. ಫಿಲ್ಟರ್ ಎಷ್ಟು ಬದಲಿಸಿದರೂ ಪುಡಿ ಮುಗಿಯುವುದಿಲ್ಲ.

ಪೈಪ್ ಬಿಚ್ಚಿ ಹರಿವು ನೋಡಿ

ಇದು ಕಾರ್ಬೊರೇಟರ್ ಗಾಡಿಗೆ. ಕಾರ್ಬೊರೇಟರಿಗೆ ಹೋಗುವ ರಬ್ಬರ್ ಪೈಪನ್ನು ಕೆಳತುದಿಯಲ್ಲಿ ಬಿಚ್ಚಿ ಬಾಟಲಿಗೆ ಇಳಿಬಿಟ್ಟು ಕಾಕ್ ಆನ್ ಮಾಡಿ. ಒಂದೇ ಸಮನೆ ಧಾರೆ ಬರಬೇಕು.

ಎಷ್ಟು ಬಂದರೆ ಸಾಕು? ಲೀಟರಿಗೆ 50 ಕಿ.ಮೀ. ಕೊಡುವ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿದರೆ ಗಂಟೆಗೆ 1.2 ಲೀಟರ್, ಅಂದರೆ ನಿಮಿಷಕ್ಕೆ ಬರೀ 20 ಮಿ.ಲೀ. ಕುಡಿಯುತ್ತದೆ. ಹಾಗಾಗಿ ಹನಿಹನಿಯಾಗಿ ತೊಟ್ಟಿಕ್ಕುವ ಪೈಪಿನಿಂದಲೂ ಗಾಡಿ ಸ್ಟಾರ್ಟ್ ಆಗಿ ಸೊಸೈಟಿಯೊಳಗೆ ಎರಡು ಸುತ್ತು ಹೊಡೆದೀತು. ಘೋಡಬಂದರ್ ರಸ್ತೆ ಏರಿದ ಮೇಲೆ ನಿಂತುಹೋಗುತ್ತದೆ. "ಸ್ಟಾರ್ಟ್ ಆಯ್ತು, ಸರಿಯಾಯ್ತು" ಎಂದು ಗ್ಯಾರೇಜಿನಿಂದ ತಂದ ಗಾಡಿ ಮರುದಿನ ಕೈಕೊಡುವುದು ಹೀಗೆ. ಧಾರೆ ಬೇಕು, ಹನಿ ಸಾಲದು.

ಧಾರೆ ಚೆನ್ನಾಗಿ ಶುರುವಾಗಿ ಸ್ವಲ್ಪ ಹೊತ್ತಿಗೆ ತೆಳ್ಳಗಾದರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ತೆರೆದ ಕೂಡಲೇ "ಸ್" ಎಂದು ಗಾಳಿ ಎಳೆದುಕೊಂಡು ಧಾರೆ ದಪ್ಪವಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಪೆಟ್ರೋಲ್ ಕೆಳಗಿಳಿದಷ್ಟು ಗಾಳಿ ಮೇಲಿನಿಂದ ಒಳಬರಬೇಕಲ್ಲ. ಐದಾರು ಕಿಲೋಮೀಟರ್ ಓಡಿ ನಿಂತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಹಿಡಿಯುವ ಗಾಡಿಗೆ ಬಹಳ ಸಲ ಇದೇ ರೋಗ, ಮತ್ತು ಬಹಳ ಸಲ ಸ್ಪಾರ್ಕಿನ ಕಾಯಿಲ್ ಬದಲಿಸಿ ದುಡ್ಡು ಹೋಗಿರುತ್ತದೆ.

ಮೊದಲಿನಿಂದಲೂ ಧಾರೆ ಇಲ್ಲದಿದ್ದರೆ ಕಾಕ್ ರಿಸರ್ವಿಗೆ ತಿರುಗಿಸಿ. ರಿಸರ್ವಿನಲ್ಲಿ ಮಾತ್ರ ಬಂದರೆ ಒಂದೋ ಪೆಟ್ರೋಲ್ ಕಡಿಮೆ, ಇಲ್ಲವೇ ಆನ್ ದಾರಿಯ ಜಾಲರಿ ಕಟ್ಟಿದೆ. ಎರಡರಲ್ಲೂ ಬಾರದಿದ್ದರೆ ಪೈಪನ್ನೂ ನಡುವಿನ ಫಿಲ್ಟರನ್ನೂ ಬಿಟ್ಟು ಕಾಕಿನ ಬಾಯಿಯಲ್ಲೇ ನೋಡಿ. ಅಲ್ಲಿ ಬಂದು ಫಿಲ್ಟರ್ ಆಚೆ ಬಾರದಿದ್ದರೆ ಫಿಲ್ಟರ್ ಎಸೆಯಿರಿ. ಹತ್ತಾರು ರೂಪಾಯಿಯ ಸಾಮಾನನ್ನು ಊದಿ ಊದಿ ಉಳಿಸುವ ಅಗತ್ಯವಿಲ್ಲ. ಹಳೆಯ ಕಾರ್ಬೊರೇಟರ್ ಸ್ಕೂಟರುಗಳಲ್ಲಿ ಕೈಯಿಂದ ತಿರುಗಿಸುವ ಕಾಕ್ ಬದಲು ಎಂಜಿನ್ ಎಳೆತಕ್ಕೆ ತಾನಾಗಿ ತೆರೆಯುವ ಕಾಕ್ ಇರಬಹುದು. ಅದರಲ್ಲಿ ಎಂಜಿನ್ ತಿರುಗದೆ ಪೆಟ್ರೋಲ್ ಬಾರದಿರುವುದೇ ಸರಿ. ಎಳೆತದ ಸಣ್ಣ ಪೈಪಿಗೆ ಸಿರಿಂಜ್ ಹಾಕಿ ಎಳೆದಾಗ ಬರಬೇಕು.

ಪೈಪನ್ನು ಬೆರಳಿನಿಂದ ಬಗ್ಗಿಸಿ ನೋಡಿ. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳ ರಬ್ಬರ್ ಹೆಚ್ಚಿನ ಎಥನಾಲಿಗೆಂದು ಮಾಡಿದ್ದಲ್ಲದಿರಬಹುದು. ಬಿರುಕು ಬಿಟ್ಟು, ಉಬ್ಬಿ, ಒಳಗೊಳಗೇ ಉದುರಿ ಫಿಲ್ಟರ್ ತುಂಬುತ್ತದೆ. ಇಲಿಗಳೂ ಇವೆ. ಸೊಸೈಟಿ ಪಾರ್ಕಿಂಗಿನ ಇಲಿ ಪೈಪ್ ಕಡಿಯುವುದಲ್ಲದೆ ಏರ್ ಫಿಲ್ಟರ್ ಡಬ್ಬಿಯಲ್ಲಿ ಚಿಂದಿ ಬಟ್ಟೆ ತುಂಬಿ ಸಂಸಾರ ಹೂಡುತ್ತದೆ. ಆ ಡಬ್ಬಿಯನ್ನು ಒಮ್ಮೆ ತೆರೆದು ನೋಡದೆ ಮುಂದೆ ಹೋಗಬೇಡಿ.

ಕಾರ್ಬೊರೇಟರ್

ಧಾರೆ ಇದೆ, ಪ್ಲಗ್ ಮಾತ್ರ ಒಣಗಿದೆ. ಈಗ ಕಾರ್ಬೊರೇಟರಿನ ಸರದಿ, ಆದರೂ ಬಿಚ್ಚುವ ಮೊದಲು ತಳದ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ. ಏನೂ ಬಾರದಿದ್ದರೆ ಬಟ್ಟಲಿಗೆ ಪೆಟ್ರೋಲ್ ಬಿಡುವ, ತಡೆಯುವ ಫ್ಲೋಟ್ ನೀಡಲ್ ಮುಚ್ಚಿದ ಸ್ಥಿತಿಯಲ್ಲೇ ಅಂಟಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ನಾಲ್ಕು ಪೆಟ್ಟು ಕೊಟ್ಟರೆ ಬಿಡುವುದುಂಟು. ಬಂದದ್ದು ಹಳದಿ, ಕಂದು ಬಣ್ಣದ ಅಂಟಾದರೆ ಬಿಚ್ಚಲೇಬೇಕು. ಚೆನ್ನಾದ ಪೆಟ್ರೋಲ್ ಬಂದರೆ ತೊಂದರೆ ಜೆಟ್ಟುಗಳಲ್ಲಿ, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಹಿತ್ತಾಳೆ ತುಂಡುಗಳಲ್ಲಿ.

ಯಾವ ಜೆಟ್ ಎಂದು ಗಾಡಿಯೇ ಹೇಳುತ್ತದೆ. ಚೋಕ್ ಎಳೆದಾಗ ಮಾತ್ರ ಓಡಿ, ಬಿಟ್ಟರೆ ಸಾಯುತ್ತಿದ್ದರೆ ಪೈಲಟ್ ಜೆಟ್ ಕಟ್ಟಿದೆ. ಐಡ್ಲಿಂಗ್ ಸರಿಯಿದ್ದು ಆಕ್ಸಿಲರೇಟರ್ ಕೊಟ್ಟ ಕೂಡಲೇ ಮುಗ್ಗರಿಸಿದರೆ ಮೈನ್ ಜೆಟ್ ಕಡೆ ನೋಡಿ. ನಿಂತ ಗಾಡಿಗಳಲ್ಲಿ ಮೊದಲನೆಯದೇ ಹೆಚ್ಚು, ಯಾಕೆಂದರೆ ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಬಟ್ಟಲಿನ ಪೆಟ್ರೋಲ್ ಆರಿ ಉಳಿದ ಒಂದು ತೆಳು ಅಂಟಿನ ಪೊರೆ ಸಾಕು ಅದನ್ನು ಮುಚ್ಚಲು. ಬೆಳಕಿಗೆ ಹಿಡಿದರೆ ಚುಕ್ಕೆಯಷ್ಟು ಬೆಳಕು ದುಂಡಗೆ ಕಾಣಬೇಕು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಕಾಲು ಗಂಟೆ ಬಿಟ್ಟು ಗಾಳಿ ಊದಿಸಿ. ಚುಚ್ಚಲೇಬೇಕಾದರೆ ವಿದ್ಯುತ್ ವೈರಿನ ಒಂದೇ ತಾಮ್ರದ ಎಳೆ ಬಳಸಿ. ಸೂಜಿ, ಸ್ಟೀಲ್ ತಂತಿ ಹಿತ್ತಾಳೆಯ ರಂಧ್ರವನ್ನು ಅಗಲಿಸುತ್ತವೆ, ಆಮೇಲೆ ಮೈಲೇಜ್ ಕೇಳಬೇಡಿ.

ಬಿಚ್ಚುವಾಗ ಎರಡು ಎಚ್ಚರ. ಗಾಳಿ, ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಪೂರ್ತಿ ಒಳಗೆ ಕೂರುವವರೆಗೆ ಹಗುರವಾಗಿ ತಿರುಗಿಸಿ, ಎಷ್ಟು ಸುತ್ತು ಆಯಿತೆಂದು ಬರೆದುಕೊಳ್ಳಿ. ಜೋಡಿಸುವಾಗ ಅಷ್ಟೇ ಹೊರಗೆ ಬಿಡಬೇಕು. ಮೇಲ್ಭಾಗದಲ್ಲಿ ತೆಳುವಾದ ರಬ್ಬರ್ ಡಯಾಫ್ರಾಮ್ ಇರುವ ಕಾರ್ಬೊರೇಟರ್ ಆದರೆ ಸ್ಪ್ರೇ ಹೊಡೆಯುವ ಮೊದಲೇ ಅದನ್ನು ತೆಗೆದಿಡಿ. ಕ್ಲೀನರ್ ತಾಕಿದರೆ ಅದು ಉಬ್ಬಿ ಜಾಗದಲ್ಲಿ ಕೂರುವುದಿಲ್ಲ. ಬಟ್ಟಲಿನಿಂದ ಹೊರಟ ಪೈಪುಗಳ ಕೆಳತುದಿಯನ್ನೂ ನೋಡಿ, ಕುಂಬಾರ ಹುಳು ಮಣ್ಣು ಮೆತ್ತಿ ಮನೆ ಕಟ್ಟಿರುತ್ತದೆ.

ಇದಕ್ಕೆ ತಿರುಗುಮುರುಗಿನ ತೊಂದರೆ ಇನ್ನೂ ಅಪಾಯದ್ದು: ನೀಡಲ್ ತೆರೆದೇ ಅಂಟಿಕೊಂಡು ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿಯುವುದು. ಕಾಕ್ ಆನ್ ಇಟ್ಟು ನಿಲ್ಲಿಸಿದ್ದ ಗಾಡಿಯಲ್ಲಿ ಆ ಪೈಪೂ ಕಟ್ಟಿದ್ದರೆ ಪೆಟ್ರೋಲ್ ಸಿಲಿಂಡರಿಗೆ ಇಳಿದು ಅಲ್ಲಿಂದ ಎಂಜಿನ್ ಆಯಿಲಿಗೆ ಸೇರಿರಬಹುದು. ಕಿಕ್ ಹೊಡೆಯುವ ಮೊದಲೇ ಆಯಿಲ್ ಕಡ್ಡಿ ಎಳೆದು ಮೂಸಿ. ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸದೆ ಎಂಜಿನ್ ತಿರುಗಿಸಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು.

ಎಫ್‌ಐ ಗಾಡಿಯಲ್ಲಿ ಕಿವಿ ಕೊಡಿ

2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲಿನ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರ್ ಇಲ್ಲ. ಟ್ಯಾಂಕಿನೊಳಗಿನ ಪಂಪ್ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಇಂಜೆಕ್ಟರಿಗೆ ಕಳಿಸುತ್ತದೆ. ಕೀ ಆನ್ ಮಾಡಿದಾಗ ಟ್ಯಾಂಕಿನಿಂದ ಎರಡು ಮೂರು ಸೆಕೆಂಡ್ "ಝೂಂ" ಎಂಬ ಸದ್ದು ಬಂದು ನಿಲ್ಲಬೇಕು. ರಸ್ತೆಯ ಗದ್ದಲದಲ್ಲಿ ಕೇಳಿಸದು, ಟ್ಯಾಂಕಿಗೆ ಕಿವಿ ಹಚ್ಚಿ.

ಸದ್ದೇ ಇಲ್ಲವೆಂದರೆ ಪಂಪ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಬ್ಯಾಟರಿ, ಕಿಲ್ ಸ್ವಿಚ್, ಫ್ಯೂಸ್, ರಿಲೇ, ಪಂಪಿನ ಕನೆಕ್ಟರ್, ಈ ಕ್ರಮದಲ್ಲಿ ನೋಡಿ. ಮಳೆಗಾಲದಲ್ಲಿ ನಿಂತ ಗಾಡಿಯ ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕೀ ಆನ್ ಮಾಡಿದ ಆ ಎರಡು ಸೆಕೆಂಡಿನಲ್ಲಿ ಕನೆಕ್ಟರಿನಲ್ಲಿ ಬ್ಯಾಟರಿ ವೋಲ್ಟೇಜ್ ಬಂದೂ ಪಂಪ್ ತಿರುಗದಿದ್ದರೆ ಮಾತ್ರ ಪಂಪಿನ ತಪ್ಪು. ಅಂಟಿನಿಂದ ಹಿಡಿದುಕೊಂಡ ಪಂಪ್ ಟ್ಯಾಂಕಿನ ಅಡಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ತಿರುಗಬಹುದು. ಅದು ಗ್ಯಾರೇಜ್ ತಲುಪಲು ಸಾಕಾಗುವ ಉಪಾಯ, ರಿಪೇರಿ ಅಲ್ಲ.

ಸದ್ದು ಬಂದೂ ಪ್ಲಗ್ ಒಣಗಿದ್ದರೆ ಪಂಪಿನ ಕಾಲಬುಡದ ಜಾಲರಿ ಅಥವಾ ಇಂಜೆಕ್ಟರ್ ಕಟ್ಟಿರಬಹುದು. ಸದ್ದು ಕೀರಲಾಗಿ, ಎಂದಿಗಿಂತ ಎತ್ತರದ ಸ್ವರದಲ್ಲಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ಮತ್ತೊಮ್ಮೆ ನೋಡಿ. ಪಂಪಿಗೆ ತಂಪೂ ಜಾರುವಿಕೆಯೂ ಪೆಟ್ರೋಲಿನಿಂದಲೇ, ಒಣ ಓಡಿದರೆ ಬೇಗ ಹಾಳಾಗುತ್ತದೆ. ಇಂಜೆಕ್ಟರಿನ ಎರಡು ಪಿನ್ನುಗಳ ನಡುವೆ ಸಾಮಾನ್ಯವಾಗಿ 10ರಿಂದ 15 ಓಮ್ ತೋರಿಸುತ್ತದೆ. ಅಷ್ಟಿದ್ದರೆ ಒಳಗಿನ ತಂತಿಸುರುಳಿ ಸರಿಯಿದೆ, ತುದಿ ಕಟ್ಟಿರಬಹುದು. ಅಲ್ಟ್ರಾಸಾನಿಕ್ ಯಂತ್ರವಿರುವ ಗ್ಯಾರೇಜಿಗೆ ಕೊಡಿ. ಪೈಪ್ ಬಿಚ್ಚುವುದಿದ್ದರೆ ಮೊದಲು ಪಂಪಿನ ಕನೆಕ್ಟರ್ ತೆಗೆದು ಕೆಲವು ಸಲ ಸೆಲ್ಫ್ ಹೊಡೆದು ಒತ್ತಡ ಇಳಿಸಿ, ಸಂದಿಗೆ ಬಟ್ಟೆ ಸುತ್ತಿ. ಇಲ್ಲದಿದ್ದರೆ ಕಣ್ಣಿಗೇ ಚಿಮ್ಮುತ್ತದೆ.

ಎಂಜಿನ್ ಹಿಡಿದ ಮೇಲೆ

ಐದು ನಿಮಿಷ ನಿಂತಲ್ಲೇ ಓಡಿಸಿ, ಬಿಚ್ಚಿದ ಪ್ರತಿ ಪೈಪಿನ ಜೋಡಣೆಗೆ ಕಾಗದದ ಚೂರು ಒತ್ತಿ ತೇವ ನೋಡಿ. ಕಾರ್ಬೊರೇಟರನ್ನು ಎಂಜಿನ್ನಿಗೆ ಜೋಡಿಸುವ ಇಂಟೇಕ್ ರಬ್ಬರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ಎಂಜಿನ್ ಸದ್ದು ತಡವರಿಸಿದರೆ ಅಲ್ಲಿ ಬಿರುಕಿದೆ. ಆ ಗಾಳಿ ಸೋರಿಕೆಯನ್ನು ಪೈಲಟ್ ಜೆಟ್ಟಿನ ತೊಂದರೆ ಎಂದುಕೊಂಡು ಎರಡೆರಡು ಸಲ ಕಾರ್ಬೊರೇಟರ್ ತೊಳೆಸಿದವರಿದ್ದಾರೆ. ಹೊಸ ಪೆಟ್ರೋಲ್ ಟ್ಯಾಂಕಿನ ಹಳೇ ಕೊಳೆಯನ್ನು ಸಡಿಲಿಸಿ ಕೆಳಗೆ ತರುವುದರಿಂದ ಮೊದಲ ಟ್ಯಾಂಕ್ ಮುಗಿಯುವಷ್ಟರಲ್ಲಿ ಫಿಲ್ಟರ್ ಇನ್ನೊಮ್ಮೆ ನೋಡಿ, ಕಪ್ಪಾಗಿದ್ದರೆ ಬದಲಿಸಿ.

ಮುಂದಿನ ಜೂನಿಗೆ ಕಾರ್ಬೊರೇಟರ್ ಗಾಡಿಯಾದರೆ ಕಾಕ್ ಆಫ್ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಇಳಿಸಿ. ಎಫ್‌ಐ ಗಾಡಿಯಾದರೆ ಟ್ಯಾಂಕ್ ತುಂಬಿಸಿಟ್ಟರೆ ತುಕ್ಕಿಗೂ ತೇವಕ್ಕೂ ಜಾಗ ಕಡಿಮೆ. ಎರಡಕ್ಕೂ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ, ಮುಚ್ಚಳದ ತಗ್ಗಿನ ರಂಧ್ರಕ್ಕೆ ಒಮ್ಮೆ ಗಾಳಿ ಊದಿ, ತಾಡಪತ್ರಿಯನ್ನು ಕೆಳಗಡೆ ಗಾಳಿಯಾಡುವಷ್ಟು ಬಿಟ್ಟು ಕಟ್ಟಿ.